ನಿಮ್ಮಪ್ಪ ಯುದ್ಧದಲ್ಲಿ ಏನು ಮಾಡಿದರು?

ಡಿಸೆಂಬರ್ 16 ಹತ್ತಿರ ಬಂದಾಗೆಲ್ಲ ಯಾರಾದರೊಬ್ಬರು ಕೇಳುತ್ತಾರೆ: "ನಿಮ್ಮಪ್ಪ ಎಪ್ಪತ್ತೊಂದರ ಯುದ್ಧದಲ್ಲಿ ಇದ್ದರಂತಲ್ಲ, ಏನು ಮಾಡಿದರು?" ನಾನು, "ಎಲ್‌ಎಂಜಿ ನಂಬರ್ ಟೂ ಆಗಿದ್ದರು" ಅನ್ನುತ್ತೇನೆ. ಕೇಳಿದವರು ಇನ್ನೂ ಏನೋ ಬರುತ್ತದೆ ಅಂತ ನನ್ನ ಮುಖವನ್ನೇ ನೋಡುತ್ತಾರೆ. ನಿಂತಲ್ಲೇ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಮರಾಠಾ ಲೈಟ್ ಇನ್‌ಫೆಂಟ್ರಿಯ ಸಿಪಾಯಿ. ಬೆಳಗಾವಿಯ ಸೆಂಟರ್‌ನಲ್ಲಿ ಟ್ರೇನಿಂಗ್ ಆಯಿತು. ಮನೆ ಮಾತು ಕನ್ನಡ, ಮರಾಠಿ ಕಲಿತದ್ದು ಪಲ್ಟನ್ನಿನಲ್ಲಿ. ಕೊನೆವರೆಗೂ ನಿದ್ದೆಯಲ್ಲಿ ಮಾತಾಡಿದರೆ ಮರಾಠಿಯಲ್ಲೇ ಮಾತಾಡುತ್ತಿದ್ದರು.

ಒಂದು ಸೆಕ್ಷನ್ ಅಂದರೆ ಹತ್ತು ಜನ. ಆ ಹತ್ತು ಜನಕ್ಕೆ ಒಂದು ಎಲ್‌ಎಂಜಿ, ಅಂದರೆ ಲೈಟ್ ಮಷಿನ್ ಗನ್, ಅದಕ್ಕೆ ಇಬ್ಬರು. ಗುಂಡು ಹಾರಿಸುವವನು ನಂಬರ್ ಒನ್. ಅವನ ಎಡಕ್ಕೆ ಮಲಗಿರುವವನು ನಂಬರ್ ಟೂ. ಗನ್ನಿನ ಮೇಲೆ ನಿಂತಿರುವ ಮ್ಯಾಗಜಿನ್ ಖಾಲಿಯಾದ ತಕ್ಷಣ ಕಿತ್ತು ಇನ್ನೊಂದು ಕೂರಿಸಬೇಕು. ಬ್ಯಾರಲ್ ಕಾದರೆ ಬದಲಿಸಬೇಕು. ಖಾಲಿಯಾದದ್ದನ್ನು ಬಿಡುವು ಸಿಕ್ಕಾಗ ತುಂಬಿಡಬೇಕು. ಹೊರುವುದೂ ಅವನೇ. ಬೆನ್ನಿನ ಚೀಲ ಪಿಟ್ಟು, ಗನ್ನಿನ ಮ್ಯಾಗಜಿನ್‌ಗಳು, ಹೆಚ್ಚುವರಿ ಬ್ಯಾರಲ್, ಜೊತೆಗೆ ತನ್ನದೇ ರೈಫಲ್. ಆ ರೈಫಲ್ ಖಾಲಿ ಇದ್ದಾಗಲೇ 4 ಕಿಲೋ ದಾಟುತ್ತಿತ್ತು. ಗೈಂತಿ (ಪಿಕಾಸಿ), ಬೆಲ್ಚಾ (ಸಲಿಕೆ) ಬೇರೆ. ನಿಂತ ಕಡೆಯಲ್ಲೆಲ್ಲ ಮೋರ್ಚಾ, ಅಂದರೆ ಕಂದಕ, ಅಗೆಯಬೇಕಲ್ವಾ? ಯುದ್ಧ ಅಂದರೆ ಏನು ನೆನಪಾಗುತ್ತದೆ ಅಂತ ಒಮ್ಮೆ ಕೇಳಿದ್ದೆ. ಅಪ್ಪ ಬಲಗೈ ಹಿಂದಕ್ಕೆ ಹಾಕಿ ಹೆಗಲು ತೋರಿಸಿದರು.

ಅಪ್ಪನ ಬಟಾಲಿಯನ್ ಇದ್ದದ್ದು ಪೂರ್ವದಲ್ಲಿ, ಇಂದಿನ ಬಾಂಗ್ಲಾದೇಶದ ಜಮಾಲ್‌ಪುರದ ಬಳಿ. ಬ್ರಹ್ಮಪುತ್ರದ ಹಳೇ ಹರಿವು ದಾಟಿ, ಊರಿನ ದಕ್ಷಿಣಕ್ಕೆ ಹೋಗಿ, ಢಾಕಾ ಕಡೆಯ ದಾರಿಗೆ ಅಡ್ಡ ಕೂತರು. ಶರಣಾಗಿ ಅಂತ ನಮ್ಮ ಬ್ರಿಗೇಡಿಯರ್ ಹರ್‌ದೇವ್ ಸಿಂಗ್ ಕ್ಲೇರ್ ಕಾಗದ ಕಳಿಸಿದರು. ಊರೊಳಗಿದ್ದ ಪಾಕಿಸ್ತಾನಿ ಕರ್ನಲ್ ತನ್ನ ಉತ್ತರದಲ್ಲಿ ಒಂದು ಗುಂಡು ಸುತ್ತಿ ಕಳಿಸಿದರು. ಈ ಸಂಗತಿ ಎಲ್ಲರೂ ಹೇಳುತ್ತಾರೆ. ಅಪ್ಪನಿಗೆ ಇದು ಗೊತ್ತಾದದ್ದು ಯುದ್ಧ ಮುಗಿದ ಮೇಲೆ. ಮೋರ್ಚಾದಲ್ಲಿ ಮಲಗಿದವನಿಗೆ ಕಾಣುವುದು ಎದುರಿನ ನೂರು ಗಜ, ಪಕ್ಕದವನ ಭುಜ, ಅಷ್ಟೇ.

ಡಿಸೆಂಬರ್ 10ರ ರಾತ್ರಿ ಒಳಗಿದ್ದವರು ಕತ್ತಲಲ್ಲಿ ತಪ್ಪಿಸಿಕೊಂಡು ಹೋಗಲು ಹೊರಬಿದ್ದರು. ಬಂದದ್ದು ನೇರ ಮರಾಠರ ಎದುರಿಗೇ. ಆ ರಾತ್ರಿ ಎಷ್ಟು ಮ್ಯಾಗಜಿನ್ ಬದಲಿಸಿದೆ ಅಂತ ಅಪ್ಪನಿಗೆ ಲೆಕ್ಕವೇ ಇರಲಿಲ್ಲ. ಕೈ ತಾನಾಗಿ ಕೆಲಸ ಮಾಡುತ್ತಿತ್ತಂತೆ. 11ಕ್ಕೆ ಜಮಾಲ್‌ಪುರ ಶರಣಾಯಿತು. ಅವತ್ತೇ ಸಂಜೆ ತಂಗೈಲ್ ಬಳಿ ನಮ್ಮ ಪ್ಯಾರಾಶೂಟ್ ಪಡೆ 2 ಪ್ಯಾರಾದವರು ವಿಮಾನದಿಂದ ಹಾರಿ ಇಳಿದರು. ಮರುದಿನ ಅಪ್ಪನವರು ಅವರನ್ನು ಹೋಗಿ ಕೂಡಿಕೊಂಡರು. 16ಕ್ಕೆ ಢಾಕಾ. ಅಲ್ಲಿ ಒಂದು ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚಿದ್ದು ಅಪ್ಪನಿಗೆ ಚೆನ್ನಾಗಿ ನೆನಪಿತ್ತು. ಸಾಕ್ಸು ಚರ್ಮಕ್ಕೆ ಅಂಟಿಕೊಂಡಿತ್ತಂತೆ.

ಪದಕದ ವಿಷಯವನ್ನೂ ಕೇಳುತ್ತಾರೆ. ಮನೆಯಲ್ಲಿರುವವು ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್, ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್. ಯಾವುದೂ ಶೌರ್ಯ ಪದಕ ಅಲ್ಲ. ಅಂದು ಅಲ್ಲಿ ಇದ್ದವರಿಗೆ, ಸೇವೆಯಲ್ಲಿದ್ದವರಿಗೆ ಕೊಟ್ಟವು. ಅವುಗಳ ಮೇಲೆ ಅಪ್ಪನ ನಂಬರು, ಹೆಸರು ಕೆತ್ತಿದೆ. ಬೆರಳಾಡಿಸಿದರೆ ತಿಳಿಯುತ್ತದೆ. ನನಗೆ ಅದು ಸಣ್ಣದಲ್ಲ. ಆ ದಾರಿಯಲ್ಲಿ ಅವರು ಇದ್ದರು. ಹೊರಬೇಕಾದದ್ದನ್ನು ಹೊತ್ತರು. ಪಕ್ಕದವನ ಗನ್ ಒಂದು ಕ್ಷಣವೂ ಸುಮ್ಮನಾಗದಂತೆ ನೋಡಿಕೊಂಡರು. ಗೆದ್ದ ಯುದ್ಧಗಳಲ್ಲಿ ಇಂಥ ಕೆಲಸವೇ ಜಾಸ್ತಿ ಇರುತ್ತದೆ, ಅದರ ಸುದ್ದಿ ಮಾತ್ರ ಎಲ್ಲೂ ಬರುವುದಿಲ್ಲ.

ಕೊನೆಯ ವರ್ಷಗಳಲ್ಲಿ ಒಂದು ಸಂಜೆ ಅಪ್ಪ ಅಂಗಳದಲ್ಲಿ ಹತ್ತು ಹರಳು ಇಟ್ಟು ಆ ರಾತ್ರಿಯ ಸೆಕ್ಷನ್ ತೋರಿಸಿದರು. ಒಬ್ಬೊಬ್ಬರ ಹೆಸರು, ಊರು, ಯಾರ ಮದುವೆ ನಿಶ್ಚಯವಾಗಿತ್ತು ಎಲ್ಲ ಹೇಳಿದರು. ನಾನು ಎಡದಿಂದ ಬಲಕ್ಕೆ ಹಾಗೇ ಬರೆದುಕೊಂಡೆ. ಆಮೇಲೆ ನಂಬರ್ ಒನ್‌ನ ಹರಳು ತೆಗೆದು ಪಕ್ಕಕ್ಕಿಟ್ಟರು. ತಮ್ಮದನ್ನು ಆ ಜಾಗಕ್ಕೆ ಸರಿಸಿದರು.

"ಅವಗ ಹೊಟ್ಟಿಗೆ ಬಡೀತು. ಹಿಂದಕ್ಕ ಕಳಿಸಿದ್ವಿ."

"ಆಮೇಲೆ ಏನಾದರು, ಅಪ್ಪಾ?"

"ಗೊತ್ತಾಗಲಿಲ್ಲ ಯವ್ವಾ. ನಾವು ಮುಂದ ಹೊಂಟುಬಿಟ್ವಿ."

ಅಂದರೆ ಢಾಕಾದವರೆಗೆ ಆ ಗನ್ ಹಿಡಿದದ್ದು ಅಪ್ಪನೇ. ಐವತ್ತು ವರ್ಷ ಎಲ್ಲರಿಗೂ ನಂಬರ್ ಟೂ ಅಂತಲೇ ಹೇಳಿಕೊಂಡು ಬಂದಿದ್ದರು. ಹಾಗ್ಯಾಕೆ ಅಂತ ಕೇಳಿದೆ. ಅಪ್ಪ ಹರಳುಗಳನ್ನು ಒಂದೊಂದಾಗಿ ಆರಿಸಿಕೊಳ್ಳುತ್ತಾ ಹೇಳಿದರು:

"ಗನ್ ಅವಂದು."