ಕೊಲೆಸ್ಟ್ರಾಲ್ ಮಾತ್ರೆಯೂ ಕಾಲುನೋವೂ

ನಮ್ಮ ಕುಟುಂಬದಲ್ಲಿ ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುವವರು ಇಬ್ಬರು. ಮೈಸೂರಿನಲ್ಲಿರುವ ನನಗೆ ಹೃದಯಾಘಾತವಾಗಿಲ್ಲ. ಬಿಪಿ ತುಸು ಹೆಚ್ಚಿದೆ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 160ರ ಆಸುಪಾಸಿನಲ್ಲಿತ್ತು, ತಂದೆಯವರು ಹೃದ್ರೋಗದಿಂದಲೇ ತೀರಿಕೊಂಡಿದ್ದರು. ಮಂಡ್ಯದಲ್ಲಿರುವ ನನ್ನ ಭಾವನವರಿಗೆ ಹೃದಯಾಘಾತವಾಗಿ ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ನಳಿಕೆ) ಹಾಕಿದ್ದಾರೆ. ಇಬ್ಬರಿಗೂ ವೈದ್ಯರು ಬರೆದುಕೊಟ್ಟದ್ದು ಅಟೊರ್ವಾಸ್ಟಾಟಿನ್ ಮಾತ್ರೆಯನ್ನೇ. ಆದರೂ ಅದರ ಲಾಭನಷ್ಟಗಳನ್ನು ನಾವಿಬ್ಬರೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬುದನ್ನು ನಾನು ಬಹಳ ಓದಿ, ಕೇಳಿ ಮನವರಿಕೆ ಮಾಡಿಕೊಂಡಿದ್ದೇನೆ.

ಈ ವರ್ಗದ ಔಷಧಗಳಿಗೆ ಸ್ಟಾಟಿನ್ ಎಂದು ಹೆಸರು. ಜಪಾನಿನ ವಿಜ್ಞಾನಿ ಅಕಿರಾ ಎಂಡೊ 1970ರ ದಶಕದಲ್ಲಿ ಪೆನಿಸಿಲಿಯಮ್ ಬೂಷ್ಟಿನಿಂದ ಇಂತಹ ಮೊದಲ ಪದಾರ್ಥವನ್ನು ಬೇರ್ಪಡಿಸಿದರು. 1987ರಲ್ಲಿ ಲೊವಾಸ್ಟಾಟಿನ್ ಅಮೆರಿಕದಲ್ಲಿ ಬಳಕೆಗೆ ಬಂತು. ಯಕೃತ್ತು ಕೊಲೆಸ್ಟ್ರಾಲ್ ತಯಾರಿಸಲು ಬಳಸುವ ಒಂದು ಕಿಣ್ವವನ್ನು ಸ್ಟಾಟಿನ್ ತಡೆಯುತ್ತದೆ, ಆಗ ಯಕೃತ್ತಿನ ಜೀವಕೋಶಗಳು ತಮ್ಮ ಕೊರತೆಯನ್ನು ತುಂಬಿಕೊಳ್ಳಲು ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಹೆಚ್ಚು ಹೆಚ್ಚಾಗಿ ಸೆಳೆದುಕೊಳ್ಳುತ್ತವೆ.

ಲಾಭದ ವಿಷಯದಲ್ಲಿ ನನಗೆ ಅತ್ಯಂತ ಸ್ಪಷ್ಟವಾಗಿ ಕಂಡದ್ದು 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಅಧ್ಯಯನ. ಆಗಲೇ ಹೃದ್ರೋಗವಿದ್ದ 4,444 ಜನರಲ್ಲಿ ಅರ್ಧದಷ್ಟು ಮಂದಿಗೆ ಸಿಮ್ವಾಸ್ಟಾಟಿನ್, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಡಲಾಯಿತು. ಸುಮಾರು ಐದೂವರೆ ವರ್ಷಗಳಲ್ಲಿ ಹುಸಿಮಾತ್ರೆಯ ಗುಂಪಿನಲ್ಲಿ 256 ಮಂದಿ ತೀರಿಕೊಂಡರೆ, ಔಷಧ ಪಡೆದವರಲ್ಲಿ 182 ಮಂದಿ ತೀರಿಕೊಂಡರು. ಅಂದರೆ ನೂರು ಜನರಲ್ಲಿ ಮೂವರ ಜೀವ ಉಳಿಯಿತು. ಭಾವನವರು ಈ ಗುಂಪಿಗೆ ಸೇರಿದವರು.

ನನ್ನ ಲೆಕ್ಕ ಬೇರೆ. ಹತ್ತು ವರ್ಷಗಳಲ್ಲಿ ಹೃದಯಾಘಾತವಾಗುವ ಸಾಧ್ಯತೆ ನೂರಕ್ಕೆ ಎಂಟು ಇರುವವರಿಗೆ ಮಾತ್ರೆಯಿಂದ ಅದು ಕಾಲು ಭಾಗ ತಗ್ಗಿದರೆ ಆರಕ್ಕೆ ಇಳಿಯುತ್ತದೆ. ಹಾಗೆ ಮಾತ್ರೆ ನುಂಗಿದ ನೂರು ಜನರಲ್ಲಿ ಇಬ್ಬರಿಗೆ ನೇರ ಪ್ರಯೋಜನ. 'ಶೇಕಡಾ 25 ಇಳಿಕೆ' ಎಂಬ ಮಾತೂ 'ನೂರರಲ್ಲಿ ಇಬ್ಬರು' ಎಂಬ ಮಾತೂ ಎರಡೂ ನಿಜ, ಆದರೆ ರೋಗಿಗೆ ಎರಡನ್ನೂ ಹೇಳಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಇದರ ಜೊತೆಗೆ, 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಸುಮಾರು ಆರು ವರ್ಷ ಮೊದಲೇ ಆಗುತ್ತಿದ್ದುದು ಕಂಡುಬಂದಿದ್ದರಿಂದ, 'ಇನ್ನೂ ವಯಸ್ಸಾಗಿಲ್ಲ' ಎಂಬ ಧೈರ್ಯಕ್ಕೆ ನಮ್ಮಲ್ಲಿ ಹೆಚ್ಚು ಆಧಾರವಿಲ್ಲ.

ಇನ್ನು ಕಾಲುನೋವು. ಭಾವನವರಿಗೆ ತೊಡೆ ಮತ್ತು ಮೀನಖಂಡಗಳಲ್ಲಿ ನೋವು ಶುರುವಾಗಿ, ಯಾರೋ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶವನ್ನೂ ಓದಿ, ಅವರು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದರು. ಆ ನೋವು ಸುಳ್ಳಲ್ಲ, ಅದನ್ನು ಕಡೆಗಣಿಸುವ ಹಕ್ಕು ಯಾರಿಗೂ ಇಲ್ಲ. ಪ್ರಶ್ನೆಯಿರುವುದು ಅದರ ಕಾರಣದ ಬಗ್ಗೆ. ಅಡ್ಡಪರಿಣಾಮದಿಂದ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಬ್ರಿಟನ್ನಿನಲ್ಲಿ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಹುಸಿಮಾತ್ರೆ, ಕೆಲವು ತಿಂಗಳು ಏನೂ ಇಲ್ಲ ಎಂದು ಅದಲುಬದಲು ಮಾಡಿ ನೋಡಿದಾಗ, ಸ್ಟಾಟಿನ್ ತಿಂಗಳುಗಳಲ್ಲಿ ಹೆಚ್ಚಿದ ತೊಂದರೆಯ ಸುಮಾರು ಶೇಕಡಾ 90ರಷ್ಟು ಹುಸಿಮಾತ್ರೆಯ ತಿಂಗಳುಗಳಲ್ಲೂ ಕಾಣಿಸಿಕೊಂಡಿತು. ಇದು 2020ರಲ್ಲಿ ಪ್ರಕಟವಾಯಿತು. ಉಳಿದ ಪಾಲು ನಿಜವಾದ ಔಷಧದ್ದೇ. ಅಪರೂಪಕ್ಕೆ ಸ್ನಾಯುಗಳೇ ಒಡೆದು ಮೂತ್ರಪಿಂಡಕ್ಕೆ ಅಪಾಯವಾಗುವುದೂ ಉಂಟು. ತೀವ್ರ ನೋವು, ನಿಶ್ಶಕ್ತಿ, ಕಾಫಿ ಬಣ್ಣದ ಮೂತ್ರ ಕಂಡರೆ ಮರುದಿನಕ್ಕೆ ಮುಂದೂಡದೆ ಆಸ್ಪತ್ರೆಗೆ ಹೋಗಬೇಕು.

ಭಾವನವರನ್ನು ಮನೆಯವರೆಲ್ಲ ಒತ್ತಾಯಿಸಿ ಹೃದ್ರೋಗತಜ್ಞರ ಬಳಿಗೆ ಕಳಿಸಿದೆವು. ಅವರು ಬೈಯಲಿಲ್ಲ. ಸ್ನಾಯುಗಳಿಗೆ ಹಾನಿಯಾಗಿದೆಯೇ ಎಂದು ತಿಳಿಸುವ ಸಿಕೆ ರಕ್ತಪರೀಕ್ಷೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಏಕೆಂದರೆ ಥೈರಾಯ್ಡ್ ಕುಂದಿದ್ದರೆ ಕೊಲೆಸ್ಟ್ರಾಲ್ ಏರುವುದಲ್ಲದೆ ಸ್ಟಾಟಿನ್‌ನಿಂದ ಸ್ನಾಯುನೋವು ಬರುವ ಸಾಧ್ಯತೆಯೂ ಹೆಚ್ಚು. ಎರಡೂ ಸರಿಯಾಗಿದ್ದವು. ಆಮೇಲೆ ಕಡಿಮೆ ಪ್ರಮಾಣದ ರೋಸುವಾಸ್ಟಾಟಿನ್ ಜೊತೆಗೆ, ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವಿಕೆಯನ್ನು ತಡೆಯುವ ಎಜೆಟಿಮೈಬ್ ಕೊಟ್ಟರು. ಸ್ಟಾಟಿನ್ ಪ್ರಮಾಣವನ್ನು ಇಮ್ಮಡಿಗೊಳಿಸಿದರೂ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ಸುಮಾರು ಶೇಕಡಾ 6ರಷ್ಟು ಮಾತ್ರ. ಆದ್ದರಿಂದ ಈ ದಾರಿ ನನಗೆ ತೀರ ಸಮಂಜಸವೆನಿಸಿತು. ನೋವು ಪೂರ್ತಿ ಹೋಗಿಲ್ಲ, ಆದರೆ ಗದ್ದೆಯ ಬದುವಿನ ಮೇಲೆ ನಡೆಯುವುದಕ್ಕೆ ಅಡ್ಡಿಯಿಲ್ಲ, ಮಾತ್ರೆಯೂ ನಿಂತಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಸಕ್ಕರೆ ಕಾಯಿಲೆ. ಸ್ಟಾಟಿನ್‌ನಿಂದ ಮಧುಮೇಹ ಬರುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ ಎಂಬುದು ಖಚಿತವಾಗಿದೆ: ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2010ರ ವಿಶ್ಲೇಷಣೆಯ ಪ್ರಕಾರ 255 ಮಂದಿ ನಾಲ್ಕು ವರ್ಷ ಸೇವಿಸಿದರೆ ಒಬ್ಬರಿಗೆ ಹೆಚ್ಚುವರಿಯಾಗಿ ಮಧುಮೇಹ, ಅದೂ ಹೆಚ್ಚಾಗಿ ಗಡಿಯಲ್ಲಿರುವವರಿಗೆ. ನಾನು ಗಡಿಯಲ್ಲೇ ಇದ್ದೇನೆ. ಹಾಗಾಗಿ ವರ್ಷಕ್ಕೊಮ್ಮೆ, ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸುತ್ತೇನೆ, ರಾತ್ರಿ ಅನ್ನದ ಬದಲು ಸಣ್ಣ ರಾಗಿಮುದ್ದೆ ಮತ್ತು ಹೆಚ್ಚು ಸೊಪ್ಪು ಉಣ್ಣುತ್ತೇನೆ, ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವುದನ್ನು ತಪ್ಪಿಸುವುದಿಲ್ಲ. ಆಹಾರ ಮತ್ತು ನಡಿಗೆಯಿಂದ ಎಲ್‌ಡಿಎಲ್ ಇಳಿದದ್ದು ಅಲ್ಪವಾದರೂ ತೂಕ ಮತ್ತು ಬಿಪಿ ಚೆನ್ನಾಗಿ ಇಳಿದವು.

ಯಕೃತ್ತಿನ ಭಯ ನನಗಿಲ್ಲ. ಗಂಭೀರ ಹಾನಿ ತೀರ ವಿರಳ. ಆದರೆ ಕ್ಲಾರಿಥ್ರೊಮೈಸಿನ್‌ನಂತಹ ಕೆಲವು ಆ್ಯಂಟಿಬಯಾಟಿಕ್‌ಗಳು ಅಟೊರ್ವಾಸ್ಟಾಟಿನ್ ಮಟ್ಟವನ್ನು ರಕ್ತದಲ್ಲಿ ಏರಿಸುವುದರಿಂದ, ಕೆಮ್ಮಿಗೆ ಔಷಧ ಕೇಳಲು ಹೋದಾಗಲೂ ಈ ಮಾತ್ರೆಯ ಹೆಸರನ್ನು ಹೇಳುತ್ತೇನೆ.

ಸದ್ಯಕ್ಕೆ 10 ಮಿಲಿಗ್ರಾಂ ಮುಂದುವರಿಸಿದ್ದೇನೆ. ಹೃದ್ರೋಗವಿಲ್ಲದವರು 75 ದಾಟಿದ ಮೇಲೆ ಇದರಿಂದ ಪಡೆಯುವ ಲಾಭಕ್ಕೆ ಪುರಾವೆ ಅಷ್ಟು ಗಟ್ಟಿಯಿಲ್ಲದ ಕಾರಣ, ಆ ವಯಸ್ಸು ಹತ್ತಿರವಾದಾಗ ಇದೇ ಲೆಕ್ಕವನ್ನು ವೈದ್ಯರ ಮುಂದಿಟ್ಟು ಹೊಸದಾಗಿ ಕೇಳುತ್ತೇನೆ. ಭಾವನವರ ವಿಷಯದಲ್ಲಿ ಅಂತಹ ಪ್ರಶ್ನೆ ಏಳುವುದಿಲ್ಲ.