ಡಯಲ್ ತಿರುಗುತ್ತದೆ, ಕಾಲ್ ಹೋಗುವುದಿಲ್ಲ

ಶಿವಮೊಗ್ಗದಲ್ಲಿ ನನ್ನದು ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ. ಯುಪಿಎಸ್, ಆಂಪ್ಲಿಫೈಯರ್, ಮಿಕ್ಸಿ ಇವೇ ದಿನದ ಅನ್ನ. ಈಚೆಗೆ ಹಳೇ ಡಯಲ್ ಫೋನ್‌ಗಳೂ ಬರುತ್ತಿವೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಳೇ ಮನೆಗಳಿಗೆ ಸುಣ್ಣ ಬಣ್ಣ ಮಾಡಿಸುವಾಗ ಅಟ್ಟದಿಂದ ಒಂದು ಫೋನ್ ಇಳಿಯುತ್ತದೆ. ಹೆಚ್ಚಿನವು ಬೆಂಗಳೂರಿನ ದೂರವಾಣಿನಗರದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಮಾಲು. ಆ ಕಾರ್ಖಾನೆ ಶುರುವಾಗಿದ್ದು 1948ರಲ್ಲಿ. ಗಟ್ಟಿ ಮಾಲು ಮಾರಾಯ್ರೆ, ಕೈಜಾರಿ ಬಿದ್ದರೆ ಫೋನಿಗಿಂತ ನೆಲದ ಟೈಲ್ಸ್ ಬಗ್ಗೆ ಚಿಂತೆ ಮಾಡಬೇಕು.

ತಂದವರೆಲ್ಲ ಹೇಳುವುದು ಒಂದೇ ಮಾತು: "ಫೋನ್ ಕೆಟ್ಟಿದೆ." ನಾನು ನೋಡಿದ ಹಾಗೆ ಅರ್ಧಕ್ಕಿಂತ ಜಾಸ್ತಿ ಸಲ ಫೋನ್ ಸರಿಯಾಗಿಯೇ ಇರುತ್ತದೆ. ಅದು ಹೇಳುವುದನ್ನು ಕೇಳಿಸಿಕೊಳ್ಳುವವರು ಆ ತುದಿಯಲ್ಲಿ ಇರುವುದಿಲ್ಲ, ಅಷ್ಟೇ.

ಡಯಲ್ ಮಾಡುವ ಕೆಲಸ ಬಹಳ ಸರಳ. 5ರ ತೂತಿಗೆ ಬೆರಳು ಹಾಕಿ ತಿರುಗಿಸಿ ಬಿಟ್ಟರೆ, ಅದು ವಾಪಸ್ ಬರುವಾಗ ಲೈನನ್ನು ಐದು ಸಲ ಕಡಿದು ಜೋಡಿಸುತ್ತದೆ. ಸೊನ್ನೆಗೆ ಹತ್ತು ಸಲ. ಸೆಕೆಂಡಿಗೆ 10 ಬಡಿತದ ಲೆಕ್ಕ. ಹಳೇ ಎಕ್ಸ್‌ಚೇಂಜಿನಲ್ಲಿ ಈ ಬಡಿತಕ್ಕೆ ಸರಿಯಾಗಿ ಸ್ವಿಚ್ಚುಗಳು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದವು. ಆಮೇಲೆ ಬಟನ್ ಫೋನ್ ಬಂತು, ಒಂದೊಂದು ಬಟನ್ನಿಗೂ ಎರಡೆರಡು ಸ್ವರ ಕೂಡಿದ ಟೋನ್ ಬಂತು. ಈಗ ಮನೆಗೆ ಬಂದಿರುವುದು ಫೈಬರ್. ಗೋಡೆಯ ಮೇಲಿನ ಓಎನ್‌ಟಿ ಪೆಟ್ಟಿಗೆಯ (ಎಲ್ಲರೂ ಮೋಡೆಮ್ ಅಂತಲೇ ಅನ್ನುತ್ತಾರೆ) ಹಿಂದೆ ಫೋನಿಗೆ ಒಂದು ತೂತು ಇರುತ್ತದೆ. ಆ ಪೆಟ್ಟಿಗೆಗೆ ಟೋನ್ ಗೊತ್ತು. ಬಡಿತ ಎಣಿಸುವುದು ಕೆಲವಕ್ಕೆ ಬರುತ್ತದೆ, ಎಷ್ಟೋ ಪೆಟ್ಟಿಗೆಗಳಿಗೆ ಬರುವುದಿಲ್ಲ.

ಇದನ್ನು ತಿಳಿಯಲು ಸ್ಕ್ರೂಡ್ರೈವರ್ ಬೇಡ. ರಿಸೀವರ್ ಎತ್ತಿ, ಡಯಲ್ ಟೋನ್ ಕೇಳಿ, ಯಾವುದಾದರೂ ಒಂದು ಅಂಕಿ ತಿರುಗಿಸಿ. ಟೋನ್ ನಿಂತರೆ ಪೆಟ್ಟಿಗೆಗೆ ಏನೋ ಕೇಳಿಸಿದೆ. ಟೋನ್ ಹಾಗೇ ಗುಂಯ್ ಅನ್ನುತ್ತಿದ್ದರೆ ಎರಡು ಅನುಮಾನ: ಪೆಟ್ಟಿಗೆಗೆ ಕಿವಿ ಇಲ್ಲ, ಇಲ್ಲವೇ ಡಯಲಿನ ಪಾಯಿಂಟ್ (ಲೈನ್ ಕಡಿದು ಜೋಡಿಸುವ ಲೋಹದ ತುದಿ) ಕೂಡಿಲ್ಲ. ಅದಕ್ಕೇ ಅಂಗಡಿಯಲ್ಲಿ ಬಡಿತ ಅರ್ಥವಾಗುವ, ಫೋನನ್ನು ಇಂಟರ್ನೆಟ್ಟಿಗೆ ಜೋಡಿಸುವ ಒಂದು ಅಡಾಪ್ಟರ್ ಇಟ್ಟುಕೊಂಡಿದ್ದೇನೆ. ಬಂದ ಫೋನನ್ನು ಮೊದಲು ಅದಕ್ಕೆ ಚುಚ್ಚುತ್ತೇನೆ. ಅಲ್ಲಿ ನಡೆದರೆ ಫೋನಿಗೆ ಕೈ ಹಚ್ಚುವುದಿಲ್ಲ.

ಹೊಸನಗರದ ಆಚೆ ಒಂದು ಮನೆ. ಅಂಗಳದಲ್ಲಿ ಮೊಬೈಲ್ ಸಿಗ್ನಲ್ ಸೊನ್ನೆ, ಆದರೆ ಫೈಬರ್ ಬಂದಿದೆ. ಮಗ ಬೆಂಗಳೂರಿನ ಕೆಲಸವನ್ನು ಮನೆಯಿಂದ ಮಾಡುತ್ತಾರೆ. ಅಜ್ಜನ ಕಾಲದ ಫೋನಿನಲ್ಲಿ ಡಯಲ್ ಮಾಡಿಯೇ ಮಾತಾಡಬೇಕು ಅಂತ ಅವರಿಗೆ ಆಸೆ. ಅವರ ಪೆಟ್ಟಿಗೆಗೆ ಬಡಿತ ಕೇಳುವುದಿಲ್ಲ. ಬಡಿತವನ್ನು ಎಣಿಸಿ ಟೋನ್ ಮಾಡಿ ಕಳಿಸುವ ಸಣ್ಣ ಕನ್ವರ್ಟರ್ ಹೊರದೇಶದಿಂದ ತರಿಸಬಹುದು, ದುಡ್ಡು ಸ್ವಲ್ಪ ಜಾಸ್ತಿ ಅಂದೆ. ಅಷ್ಟರಲ್ಲಿ ಕಾಫಿ ತಂದಿಟ್ಟ ಅವರ ತಾಯಿ ಅಂದರು: "ಕಾಲ್ ಮಾಡೋದೆಲ್ಲ ನಂಗೆ ಬ್ಯಾಡ ತಮ್ಮಾ. ನಾನು ಕೊಟ್ಟಿಗೇಲಿದ್ರೂ ಗಂಟೆ ಕೇಳ್ಬೇಕು, ಅಷ್ಟು ಮಾಡಿಕೊಡು. ಈ ಹೊಸ ಫೋನು ಕೀಂಯ್ ಅನ್ನೋದು ಜಗಲಿಗೂ ಕೇಳಲ್ಲ."

ಅಲ್ಲಿಂದ ಮುಂದೆ ನಾನು ಗಿರಾಕಿಗೆ ಮೊದಲು ಕೇಳುವ ಪ್ರಶ್ನೆಯೇ ಅದು. ಈ ಫೋನಿಂದ ನಿಮಗೆ ಏನು ಆಗಬೇಕು? ಬರುವ ಕಾಲ್ ಸಾಕು ಅಂದರೆ ಡಯಲಿನ ಗೊಡವೆಯೇ ಇಲ್ಲ. ಗಂಟೆ ಮತ್ತು ಮಾತು ಎರಡು ಸರಿಯಾದರೆ ಆಯಿತು. ಅದೇ ಲೈನಿಗೆ ಒಂದು ಬಟನ್ ಫೋನೂ ಹಾಕಿಕೊಟ್ಟರೆ ಕಾಲ್ ಮಾಡುವುದು ಅದರಲ್ಲಿ. ಹೇಗೂ ಬ್ಯಾಂಕಿಗೆ ಫೋನ್ ಮಾಡಿದಾಗ "ಕನ್ನಡಕ್ಕಾಗಿ 1ನ್ನು ಒತ್ತಿ" ಅಂದರೆ ಡಯಲ್ ಫೋನಿನಲ್ಲಿ ಒತ್ತುವುದು ಏನನ್ನು? ಸ್ಟಾರೂ ಇಲ್ಲ, ಹ್ಯಾಷೂ ಇಲ್ಲ.

ಆ ಮನೆಯ ಗಂಟೆಗೆ ಬರುತ್ತೇನೆ. ಕಾಲ್ ಬಂದರೆ ಫೋನ್ ಕಟ ಕಟ ಅನ್ನುತ್ತಿತ್ತು, ಟ್ರಿಣ್ ಅನ್ನುತ್ತಿರಲಿಲ್ಲ. ಮೇಲಿನ ಕವಚ ತೆಗೆದರೆ ಹಲ್ಲಿಯ ಮೊಟ್ಟೆಯ ಚಿಪ್ಪು, ಸತ್ತ ಇರುವೆ, ಮಣ್ಣು. ಎರಡು ಲೋಹದ ಬಟ್ಟಲು, ನಡುವೆ ಒಂದು ಪುಟ್ಟ ಸುತ್ತಿಗೆ. ಸುತ್ತಿಗೆ ಒಂದು ಬಟ್ಟಲಿಗೆ ಒರಗಿಕೊಂಡೇ ಇತ್ತು. ಒರಗಿದರೆ ನಾದ ಅಲ್ಲೇ ಸಾಯುತ್ತದೆ. ಬಟ್ಟಲಿನ ತೂತು ಸರಿ ನಡುವಿಗೆ ಇರುವುದಿಲ್ಲ, ಬೇಕಂತಲೇ ಒಂದು ಚೂರು ಓರೆಗೆ ಕೊಟ್ಟಿರುತ್ತಾರೆ. ಸ್ಕ್ರೂ ಸಡಿಲಿಸಿ ಬಟ್ಟಲನ್ನು ತಿರುಗಿಸಿದರೆ ಅದು ಸುತ್ತಿಗೆಗೆ ಹತ್ತಿರವೋ ದೂರವೋ ಆಗುತ್ತದೆ. ತಿರುಗಿಸಿ, ಬೆರಳಿಂದ ಸುತ್ತಿಗೆ ತಟ್ಟಿ ನೋಡಿ, ಮತ್ತೆ ತಿರುಗಿಸಿ, ಹೀಗೆ ಕಿವಿಯಲ್ಲೇ ಕೂರಿಸಬೇಕು. ಆಮೇಲೆ ಮಗ ಮೊಬೈಲಿನ ವೈಫೈ ಕಾಲಿಂಗ್‌ನಿಂದ ರಿಂಗ್ ಕೊಟ್ಟರು. ಅಮ್ಮ ಕೊಟ್ಟಿಗೆಯಿಂದಲೇ "ಬಂತು ಬಂತು" ಅಂತ ಕೂಗಿದರು.

ಬಟ್ಟಲು ಸರಿಯಿದ್ದೂ ಗಂಟೆ ಸೊರಗಿದ್ದರೆ ಅದರ ಕೆಪಾಸಿಟರ್ ನೋಡಬೇಕು. ಅದೂ ಸರಿಯಿದ್ದರೆ ಪೆಟ್ಟಿಗೆಯೇ ರಿಂಗಿಗೆ ಕಡಿಮೆ ಬಲ ಕೊಡುತ್ತಿರಬಹುದು. ಹಳೇ ಎಕ್ಸ್‌ಚೇಂಜ್ ರಿಂಗಿಗೆ ಸುಮಾರು 75 ವೋಲ್ಟ್ ಎಸಿ ಕಳಿಸುತ್ತಿತ್ತು. ಕವಚ ಬಿಚ್ಚಿ ಕೂತಾಗ ಯಾರಾದರೂ ಕಾಲ್ ಮಾಡಿದರೆ ಜುಂ ಅನ್ನುತ್ತದೆ, ಹುಷಾರು. ಒಂದೇ ಲೈನಿಗೆ ಇಂಥ ಎರಡು ಮೂರು ಗಂಟೆ ಜೋಡಿಸಿದರೆ ಯಾವುದೂ ನೆಟ್ಟಗೆ ಬಾರಿಸದೇ ಹೋಗಬಹುದು.

ಡಯಲ್ ಮಾಡಲೇಬೇಕು ಅನ್ನುವವರಿಗೆ ಕೆಲಸ ಬೇರೆ. ಮಲೆನಾಡಿನ ಥಂಡಿಗೆ ಡಯಲಿನ ಗ್ರೀಸ್ ಅಂಟಾಗಿರುತ್ತದೆ, ಪಾಯಿಂಟುಗಳು ಕಪ್ಪಾಗಿರುತ್ತವೆ. ಸೊನ್ನೆ ತಿರುಗಿಸಿ ಬಿಟ್ಟರೆ ಒಂದು ಸೆಕೆಂಡಿನ ಆಚೀಚೆ ವಾಪಸ್ ಬರಬೇಕು. ಎರಡು ಸೆಕೆಂಡ್ ಎಳೆದರೆ ಪೆಟ್ಟಿಗೆ ಎಣಿಕೆ ತಪ್ಪಬಹುದು. ಪಾಯಿಂಟಿಗೆ ಪಾಲಿಶ್ ಪೇಪರ್ ಉಜ್ಜಬೇಡಿ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ನಡುವೆ ಇಟ್ಟು ಮೆಲ್ಲಗೆ ಎಳೆದರೆ ಸಾಕು. ಸಿಕ್ಕಿದ ಎಣ್ಣೆ ಬಿಡುವುದಂತೂ ಬೇಡವೇ ಬೇಡ.

ಇನ್ನೊಂದು ತೊಡಕು ಈಗಿನ ಕಾಲದ್ದು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿಂದ ಮೊಬೈಲಿಗೆ ಮೊದಲು ಸೊನ್ನೆ ಹಾಕಬೇಕು. ಡಯಲಿನಲ್ಲಿ ಎಲ್ಲಕ್ಕಿಂತ ಉದ್ದ ತಿರುಗುವುದೇ ಸೊನ್ನೆ. ಅದರ ಹಿಂದೆ ಹತ್ತು ಅಂಕಿ, ಅವೂ ಶುರುವಾಗುವುದು ಆರು, ಏಳು, ಎಂಟು, ಒಂಬತ್ತರಿಂದ. ಮುಂದಿನ ಅಂಕಿ ಹುಡುಕುತ್ತಾ ಕೂತರೆ ನಂಬರ್ ಮುಗಿಯಿತು ಅಂದುಕೊಂಡು ಪೆಟ್ಟಿಗೆ ಅರ್ಧಕ್ಕೇ ಕಾಲ್ ಬಿಟ್ಟುಬಿಡುತ್ತದೆ. ಅಡಾಪ್ಟರ್ ಬಳಸುವವರಾದರೆ ಅದರ ಸೆಟ್ಟಿಂಗಿನಲ್ಲಿ ಅಂಕಿಗಳ ನಡುವಿನ ಕಾಯುವ ಸಮಯ ಹೆಚ್ಚು ಮಾಡಿದರೆ ಸರಿಹೋಗುತ್ತದೆ.

ಮನೆಯ ಹಳೇ ವೈರಿಂಗ್ ಬಳಸುವವರಿಗೆ ಒಂದು ಮಾತು. ಗೋಡೆಯ ರೋಸೆಟ್ಟಿಗೆ (ಫೋನ್ ವೈರು ಕೂಡಿಸುವ ಪುಟ್ಟ ಡಬ್ಬಿ) ಹೊರಗಿನಿಂದ ಬಂದ ತಾಮ್ರದ ಡ್ರಾಪ್ ವೈರ್ ಇನ್ನೂ ಕೂಡಿಕೊಂಡೇ ಇರುತ್ತದೆ. ಅದನ್ನು ಬಿಚ್ಚಿ ಬೇರೆ ಮಾಡದೆ ಪೆಟ್ಟಿಗೆಯ ಫೋನ್ ಪೋರ್ಟನ್ನು ಅಲ್ಲಿಗೆ ಜೋಡಿಸಬೇಡಿ. ಅಡಿಕೆ ತೋಟದ ಮೇಲೆ ಹಾದುಬಂದ ವೈರು ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಸಿಡಿಲನ್ನು ನೇರ ಒಳಗೆ ಕರೆದುಕೊಂಡು ಬರುತ್ತದೆ. ಹಾಗೆ ಸುಟ್ಟ ಪೆಟ್ಟಿಗೆಗಳು ನಮ್ಮ ಟೇಬಲ್ಲಿಗೆ ಪ್ರತಿ ವರ್ಷ ಬರುತ್ತವೆ.

ಕೊನೆಗೆ ಕರೆಂಟಿನ ವಿಷಯ. ತಾಮ್ರದ ಕಾಲದಲ್ಲಿ ಫೋನಿಗೆ ಬೇಕಾದ 48 ವೋಲ್ಟ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನ್ ನಡೆಯುತ್ತಿತ್ತು. ಈಗ ಕರೆಂಟ್ ಹೋದರೆ ಪೆಟ್ಟಿಗೆ ಮಲಗುತ್ತದೆ, ಜತೆಗೆ ಫೋನೂ. ಒಂದು 12 ವೋಲ್ಟಿನ ಮಿನಿ ಯುಪಿಎಸ್ ಹಾಕಿಕೊಡುತ್ತೇನೆ. ಆದರೆ ಊರಿನಲ್ಲಿ ಫೈಬರ್ ಹಂಚುವ ಕಡೆಯೇ ಬ್ಯಾಟರಿ ಖಾಲಿಯಾದರೆ ನಿಮ್ಮ ಯುಪಿಎಸ್ ಇದ್ದೂ ಸುಮ್ನೆ. ಇದನ್ನು ದುಡ್ಡು ತಗೊಳ್ಳುವ ಮೊದಲೇ ಹೇಳಿಬಿಡುತ್ತೇನೆ. ಜುಲೈ ಮಳೆಗೆ ಕರೆಂಟ್ ಹೋದಾಗ ಬೈಸಿಕೊಳ್ಳುವುದು ತಪ್ಪುತ್ತದೆ.