ಮಕ್ಕಳಿಗೆ ಮನಸ್ಸಿನ ಕಾಯಿಲೆಯ ಮಾತ್ರೆ ಅತಿಯಾಯಿತೇ?

ನಾನು ಮಕ್ಕಳ ಮನೋವೈದ್ಯೆ ಎಂದು ಗೊತ್ತಾದ ಸ್ವಲ್ಪ ಹೊತ್ತಿಗೇ ಆ ಪ್ರಶ್ನೆ ಬರುತ್ತದೆ: “ಡಾಕ್ಟರೇ, ಈಗ ಎಳೆಯ ಮಕ್ಕಳಿಗೂ ಮನಸ್ಸಿನ ಕಾಯಿಲೆಗೆ ಮಾತ್ರೆ ಕೊಡುತ್ತಾರಂತೆ. ಅತಿಯಾಗಲಿಲ್ಲವೇ?” ಕೆಲವರು ಸಿಟ್ಟಿನಿಂದ ಕೇಳುತ್ತಾರೆ. ಇನ್ನು ಕೆಲವರು ಧ್ವನಿ ತಗ್ಗಿಸಿ ಕೇಳುತ್ತಾರೆ. ಅವರ ಮನೆಯಲ್ಲಿ ಆಗಲೇ ಮಾತ್ರೆ ಬಂದಿರುತ್ತದೆ. ಮಗುವಿಗೆ ಕೊಡಬೇಕೋ ಬೇಡವೋ ಎಂದು ನಿದ್ದೆಗೆಟ್ಟಿರುತ್ತಾರೆ. ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಅವರಿಗಾಗಿ.

ಹೆಚ್ಚಾಗಿದೆ, ನಿಜ. ಆದರೆ ಎಲ್ಲ ಔಷಧಿಗಳೂ ಒಂದೇ ಸಮನೆ ಹೆಚ್ಚಿಲ್ಲ; ಕೆಲವು ಏರಿ ಇಳಿದಿವೆ, ಕೆಲವು ನಿಂತಲ್ಲೇ ನಿಂತಿವೆ. ಅಂಕಿಅಂಶಗಳನ್ನು ಹತ್ತಿರದಿಂದ ನೋಡಿದಷ್ಟೂ ನನಗೆ ಒಂದು ಮಾತು ಗಟ್ಟಿಯಾಗುತ್ತಾ ಬಂದಿದೆ. ಮಗುವಿಗೆ ಮಾತ್ರೆ ಸಿಗುವುದು ಬರೀ ಕಾಯಿಲೆಯಿಂದಲ್ಲ. ಅದು ಯಾವ ತರಗತಿಯಲ್ಲಿ ಕುಳಿತಿದೆ, ಯಾರ ಆಸರೆಯಲ್ಲಿ ಬೆಳೆಯುತ್ತಿದೆ, ಮಾತ್ರೆಯ ಬದಲು ಬೇರೆ ನೆರವು ಕೈಗೆಟಕುತ್ತಿದೆಯೇ ಎಂಬುದೂ ಅದನ್ನು ನಿರ್ಧರಿಸುತ್ತದೆ.

ಇದು ನಿನ್ನೆ ಮೊನ್ನೆ ಹುಟ್ಟಿದ ರೂಢಿ ಎಂದು ಹಲವರು ತಿಳಿದಿದ್ದಾರೆ. 1937ರಲ್ಲೇ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು ತಮ್ಮ ಆಸ್ಪತ್ರೆಯ 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧಿ ಕೊಟ್ಟಿದ್ದರು. ಆ ಕಾಲದ ಮೆದುಳಿನ ಎಕ್ಸ್-ರೇ ವಿಧಾನದಿಂದ ಮಕ್ಕಳಿಗೆ ವಿಪರೀತ ತಲೆನೋವು ಬರುತ್ತಿತ್ತು. ಅದಕ್ಕೆ ಪರಿಹಾರ ಹುಡುಕುತ್ತಾ ಅವರು ಈ ಔಷಧಿಗೆ ಬಂದರು. ತಲೆನೋವಿಗೆ ಅದು ಅಷ್ಟೇನೂ ಉಪಕಾರ ಮಾಡಲಿಲ್ಲ. ಆದರೆ 14 ಮಕ್ಕಳು ಪಾಠದಲ್ಲಿ ಎದ್ದು ಕಾಣುವಷ್ಟು ಸುಧಾರಿಸಿದರು. ಆಮೇಲೆ 1944ರಲ್ಲಿ ಮಿಥೈಲ್‌ಫೆನಿಡೇಟ್ ತಯಾರಾಯಿತು. 1950ರ ದಶಕದಲ್ಲಿ ರಿಟಾಲಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಗಮನ ನಿಲ್ಲದ, ವಿಪರೀತ ಚಟುವಟಿಕೆಯ ಮಕ್ಕಳಿಗೆ, ಅಂದರೆ ಎಡಿಎಚ್‌ಡಿ ಇರುವವರಿಗೆ, ಇಂದಿಗೂ ಹೆಚ್ಚಾಗಿ ಕೊಡುವ ಔಷಧಿಗಳಲ್ಲಿ ಅದು ಒಂದು.

ಅಮೆರಿಕದಲ್ಲಿ 2022ರ ಹೊತ್ತಿಗೆ 3ರಿಂದ 17 ವರ್ಷದ ಮಕ್ಕಳಲ್ಲಿ ಶೇ 11.4ರಷ್ಟು ಮಂದಿಗೆ ಯಾವುದಾದರೊಂದು ಹಂತದಲ್ಲಿ ಎಡಿಎಚ್‌ಡಿ ಇದೆ ಎಂದು ಹೇಳಲಾಗಿತ್ತು. ಆಗಲೂ ಆ ತೊಂದರೆ ಇದ್ದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳು ಔಷಧಿ ತೆಗೆದುಕೊಳ್ಳುತ್ತಿದ್ದರು. ಈ ಅಂಕಿ ಕೇಳಿ ಜನ ಹೌಹಾರುತ್ತಾರೆ. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಅಂಕಿ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಶಾಲೆಗೆ ಸೇರಿಸಲು ವಯಸ್ಸು ಎಣಿಸುವ ಕೊನೆಯ ದಿನ ಡಿಸೆಂಬರ್ 31. ಹಾಗಾಗಿ ಡಿಸೆಂಬರಿನಲ್ಲಿ ಹುಟ್ಟಿದ ಮಗು ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕದು. ಜನವರಿಯಲ್ಲಿ ಹುಟ್ಟಿದ್ದು ಎಲ್ಲರಿಗಿಂತ ದೊಡ್ಡದು. ಇಬ್ಬರ ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಅಲ್ಲಿನ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2012ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಜನವರಿಯ ಹುಡುಗರಿಗೆ ಹೋಲಿಸಿದರೆ ಡಿಸೆಂಬರಿನ ಹುಡುಗರಿಗೆ ಎಡಿಎಚ್‌ಡಿ ಎಂಬ ಹಣೆಪಟ್ಟಿ ಬೀಳುವ ಸಾಧ್ಯತೆ ಶೇ 30ರಷ್ಟು ಹೆಚ್ಚು, ಔಷಧಿ ಸಿಗುವ ಸಾಧ್ಯತೆ ಶೇ 41ರಷ್ಟು ಹೆಚ್ಚು. ಹುಡುಗಿಯರಲ್ಲಿ ಇವು ಶೇ 70 ಮತ್ತು ಶೇ 77. ಮೆದುಳಿನ ಬೆಳವಣಿಗೆಯ ಕಾಯಿಲೆ ತಿಂಗಳು ನೋಡಿ ಬರುವುದಿಲ್ಲ. ಆರು ವರ್ಷದ ಮಗುವನ್ನು ಸುಮಾರು ಏಳು ವರ್ಷದ ಮಗುವಿನ ಪಕ್ಕ ಕೂರಿಸಿ, ಅದರಷ್ಟೇ ಹೊತ್ತು ಅಲುಗಾಡದೆ ಕುಳಿತಿರು ಎಂದಿದ್ದೇವೆ. ಕೂರಲಿಲ್ಲ ಎಂದು ವೈದ್ಯರ ಬಳಿ ಕಳಿಸಿದ್ದೇವೆ. ಅಮೆರಿಕದಲ್ಲಿ 2018ರಲ್ಲಿ ಬಂದ ಅಧ್ಯಯನವೂ ಇದನ್ನೇ ಹೇಳಿತು. ಸೆಪ್ಟೆಂಬರ್ 1 ಗಡುವಾಗಿರುವ ರಾಜ್ಯಗಳಲ್ಲಿ ಸೆಪ್ಟೆಂಬರಿನ ಮಕ್ಕಳಿಗಿಂತ ಆಗಸ್ಟಿನ ಮಕ್ಕಳಲ್ಲಿ ಈ ರೋಗನಿರ್ಣಯ ಮೂರನೇ ಒಂದರಷ್ಟು ಹೆಚ್ಚಾಗಿತ್ತು. ಶಾಲೆಯಿಂದ ದೂರು ಬಂದಾಗ ಮಗುವಿನ ಹುಟ್ಟಿದ ತಿಂಗಳನ್ನೂ ತರಗತಿಯಲ್ಲಿ ಅದರ ವಯಸ್ಸಿನ ಸ್ಥಾನವನ್ನೂ ಮೊದಲು ಕೇಳಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಇದರಿಂದ ಎಡಿಎಚ್‌ಡಿ ಎಂಬುದೇ ಸುಳ್ಳು ಎಂದು ಯಾರೂ ತೀರ್ಮಾನಿಸಬಾರದು. ನಿಜವಾಗಿ ಆ ತೊಂದರೆ ಇರುವ ಮಗು ದಿನವಿಡೀ ಬೈಸಿಕೊಳ್ಳುತ್ತದೆ. ಬೈಸಿಕೊಂಡು ಬೈಸಿಕೊಂಡು ತಾನು ಕೆಟ್ಟವನು ಎಂದೇ ನಂಬುತ್ತದೆ. ಸರಿಯಾದ ಔಷಧಿ ಸಿಕ್ಕ ಮೇಲೆ ಅಂಥ ಮಗು ಮೊದಲ ಸಲ ಒಂದು ಪುಟವನ್ನು ಕೊನೆಯವರೆಗೆ ಓದಿ ಮುಗಿಸುವುದನ್ನು ನಾನು ಕಂಡಿದ್ದೇನೆ.

ಖಿನ್ನತೆಗೆ ಕೊಡುವ ಔಷಧಿಗಳ ಕಥೆ ಬೇರೆ. ಮಕ್ಕಳ ಖಿನ್ನತೆಗೆ ಫ್ಲುವೊಕ್ಸೆಟಿನ್ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2003ರಲ್ಲಿ ಒಪ್ಪಿಗೆ ಕೊಟ್ಟಿತು. ಮರುವರ್ಷ ಅಕ್ಟೋಬರಿನಲ್ಲಿ ಅದೇ ಸಂಸ್ಥೆ ಖಿನ್ನತೆಯ ಎಲ್ಲ ಔಷಧಿಗಳ ಮೇಲೂ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅಂದರೆ ಅದು ಹಾಕಿಸುವ ಅತಿ ಗಂಭೀರ ಎಚ್ಚರಿಕೆ, ಹಾಕಿಸಿತು. ಏಕೆಂದರೆ 4,400ಕ್ಕೂ ಹೆಚ್ಚು ಮಕ್ಕಳಿದ್ದ 24 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ, ಖಾಲಿ ಗುಳಿಗೆ (ಹೋಲಿಕೆಗೆಂದು ಕೊಡುವ, ಔಷಧಿ ಇಲ್ಲದ ಗುಳಿಗೆ) ಪಡೆದವರಲ್ಲಿ ಶೇ 2ರಷ್ಟು ಮಂದಿಗೆ ಆತ್ಮಹತ್ಯೆಯ ಆಲೋಚನೆ ಅಥವಾ ವರ್ತನೆ ಕಂಡಿತ್ತು. ಔಷಧಿ ಪಡೆದವರಲ್ಲಿ ಅದು ಶೇ 4. ಆ ಪ್ರಯೋಗಗಳಲ್ಲಿ ಯಾರೂ ಆತ್ಮಹತ್ಯೆ ಮಾಡಿಕೊಂಡಿರಲಿಲ್ಲ.

ಈ ಎರಡು ಅಂಕಿಗಳನ್ನು ತಂದೆತಾಯಿಗೆ ವಿವರಿಸುವುದು ನನ್ನ ಕೆಲಸದ ಅತಿ ಕಷ್ಟದ ಭಾಗ. ದುಪ್ಪಟ್ಟು ಎಂದರೆ ಎದೆ ಝಲ್ಲೆನ್ನುತ್ತದೆ. ನೂರರಲ್ಲಿ ಇಬ್ಬರು ಹೆಚ್ಚು ಎಂದರೆ ಸ್ವಲ್ಪ ಉಸಿರಾಡಲು ಸಾಧ್ಯವಾಗುತ್ತದೆ. ಎರಡನ್ನೂ ಹೇಳಬೇಕು. ಇನ್ನೊಂದು ಕಡೆಯನ್ನೂ ಹೇಳಬೇಕು. ಖಿನ್ನತೆ ಇದ್ದ 439 ಹದಿಹರೆಯದವರ ಮೇಲೆ ಅದೇ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 12 ವಾರಗಳ ಬಳಿಕ ಔಷಧಿಯ ಜೊತೆಗೆ ಮಾತಿನ ಚಿಕಿತ್ಸೆಯನ್ನೂ ಪಡೆದವರಲ್ಲಿ ಶೇ 71, ಬರೀ ಫ್ಲುವೊಕ್ಸೆಟಿನ್ ಪಡೆದವರಲ್ಲಿ ಶೇ 61, ಬರೀ ಮಾತಿನ ಚಿಕಿತ್ಸೆ ಪಡೆದವರಲ್ಲಿ ಶೇ 43, ಖಾಲಿ ಗುಳಿಗೆ ಪಡೆದವರಲ್ಲಿ ಶೇ 35ರಷ್ಟು ಮಂದಿ ಚೇತರಿಕೆಯ ಹಾದಿ ಹಿಡಿದಿದ್ದರು. ಮದ್ದು ಕೆಲಸ ಮಾಡುತ್ತದೆ. ಮಾತಿನ ಜೊತೆ ಸೇರಿದಾಗ ಇನ್ನೂ ಚೆನ್ನಾಗಿ ಮಾಡುತ್ತದೆ. ಕಪ್ಪು ಚೌಕಟ್ಟನ್ನು ನಾನು ಓದಿಕೊಳ್ಳುವುದು ಹೀಗೆ: ಮೊದಲ ಕೆಲವು ವಾರ ಮತ್ತು ಡೋಸ್ ಬದಲಾಯಿಸಿದ ದಿನಗಳಲ್ಲಿ ಮಗುವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಿ. ಆದರೆ ಎಚ್ಚರಿಕೆ ಬಂದ ಮೇಲೆ ಆದದ್ದೇನು? ಅಮೆರಿಕದಲ್ಲಿ ಮಕ್ಕಳಿಗೆ ಈ ಔಷಧಿ ಬರೆಯುವುದು ಕಡಿಮೆಯಾಯಿತು. ಅಷ್ಟೇ ಪ್ರಮಾಣದಲ್ಲಿ ಮಾತಿನ ಚಿಕಿತ್ಸೆಯಾಗಲಿ ನಿಗಾವಣೆಯಾಗಲಿ ಹೆಚ್ಚಲಿಲ್ಲ.

ಕ್ರಮೇಣ ರೇಖೆ ಮತ್ತೆ ಮೇಲೇರಿತು. 2005ರಿಂದ 2012ರ ನಡುವೆ ಡೆನ್ಮಾರ್ಕ್, ಬ್ರಿಟನ್, ಜರ್ಮನಿ, ನೆದರ್ಲೆಂಡ್ಸ್, ಅಮೆರಿಕ ಐದೂ ದೇಶಗಳಲ್ಲಿ ಮಕ್ಕಳ ಖಿನ್ನತೆಯ ಔಷಧಿ ಹೆಚ್ಚಿತು. ಹಾಗಿದ್ದರೂ 2012ರಲ್ಲಿ ಅಮೆರಿಕದಲ್ಲಿ ಅದನ್ನು ಪಡೆಯುತ್ತಿದ್ದವರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಜರ್ಮನಿಯಲ್ಲಿ ಸಾವಿರಕ್ಕೆ ಸುಮಾರು ಐವರು. ಆಮೇಲೆ ಕೋವಿಡ್ ಬಂತು. ಅಮೆರಿಕದಲ್ಲಿ 2020ರ ಮಾರ್ಚ್ ಬಳಿಕ 12ರಿಂದ 17 ವರ್ಷದ ಹುಡುಗಿಯರಲ್ಲಿ ಈ ಔಷಧಿಗಳ ಬಳಕೆ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ಏರತೊಡಗಿತು. ಅದೇ ವಯಸ್ಸಿನ ಹುಡುಗರಲ್ಲಿ ಅಂಥ ಏರಿಕೆ ಇಲ್ಲ. ಹುಡುಗರು ಸುಖವಾಗಿದ್ದರು ಎಂದು ನಾನು ನಂಬುವುದಿಲ್ಲ. ಹುಡುಗಿ ಅತ್ತರೆ ಮನೆಯವರು ಗಮನಿಸುತ್ತಾರೆ. ಹುಡುಗ ಬಾಗಿಲು ಹಾಕಿಕೊಂಡು ಕುಳಿತರೆ, ಸಿಡಿಮಿಡಿಗುಟ್ಟಿದರೆ, ವಯಸ್ಸಿನ ಸ್ವಭಾವ ಎಂದು ಬಿಟ್ಟುಬಿಡುತ್ತಾರೆ.

ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಮೂರನೆಯ ಗುಂಪು: ಸೈಕೋಸಿಸ್‌ಗೆಂದು, ಅಂದರೆ ಇಲ್ಲದ್ದು ಕಾಣುವ, ಕೇಳುವ, ವಾಸ್ತವದ ಅರಿವು ತಪ್ಪುವ ಸ್ಥಿತಿಗೆಂದು ಬಂದ ರಿಸ್ಪೆರಿಡೋನ್, ಒಲಾಂಜಪಿನ್ ಮುಂತಾದವು. ಅಮೆರಿಕದಲ್ಲಿ 1993ರಿಂದ 2002ರ ನಡುವೆ ಮಕ್ಕಳಿಗೆ ಇವನ್ನು ಬರೆದ ವೈದ್ಯರ ಭೇಟಿಗಳು ಸುಮಾರು ಆರು ಪಟ್ಟಾದವು. ಸೈಕೋಸಿಸ್ ತರುವ ಮುಖ್ಯ ಕಾಯಿಲೆಯಾದ ಸ್ಕಿಜೋಫ್ರೇನಿಯಾ ಆರು ಪಟ್ಟಾಗಲಿಲ್ಲ. ಬಹಳಷ್ಟು ಮಕ್ಕಳಿಗೆ ಇವು ಸಿಕ್ಕಿದ್ದು ಸಿಟ್ಟಿಗೆ, ಹೊಡೆದಾಟಕ್ಕೆ, ಹಟಕ್ಕೆ. ಆಟಿಸಂ ಇರುವ ಮಕ್ಕಳ ತೀವ್ರ ಕೆರಳುವಿಕೆಗೆ ರಿಸ್ಪೆರಿಡೋನ್ ಬಳಸಲು 2006ರಲ್ಲಿ ಒಪ್ಪಿಗೆ ಸಿಕ್ಕಿತು. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವ ಮಗುವನ್ನು ನೋಡಿದವರು ಅದನ್ನು ತಪ್ಪೆನ್ನಲಾರರು. ಆದರೆ ಇವು ದೇಹದ ಮೇಲೆ ಬೇಗ ಪರಿಣಾಮ ಬೀರುತ್ತವೆ. 2009ರ ಅಧ್ಯಯನವೊಂದರಲ್ಲಿ ಹನ್ನೊಂದು ವಾರದೊಳಗೆ ಒಲಾಂಜಪಿನ್ ಪಡೆದ ಮಕ್ಕಳ ತೂಕ ಸರಾಸರಿ 8.5 ಕಿಲೋ ಏರಿತು, ರಿಸ್ಪೆರಿಡೋನ್ ಪಡೆದವರದು 5.3 ಕಿಲೋ. ಇಂಥ ಎಚ್ಚರಿಕೆಗಳು ಬಂದ ಮೇಲೆ ಅಲ್ಲಿ ಎಳೆಯ ಮಕ್ಕಳಲ್ಲಿ ಬಳಕೆ ತುಸು ಇಳಿಯಿತು, ಹದಿಹರೆಯದವರಲ್ಲಿ ಇಳಿಯಲಿಲ್ಲ.

ಇನ್ನೊಂದು ವರದಿಯನ್ನು ಓದಿದ ದಿನ ನನಗೆ ಬೇರೆ ಕೆಲಸಕ್ಕೆ ಮನಸ್ಸೇ ಬರಲಿಲ್ಲ. ಹೆತ್ತವರಿಂದ ಬೇರ್ಪಟ್ಟು ಸರ್ಕಾರದ ಪೋಷಣೆಯಲ್ಲಿದ್ದ ಅಮೆರಿಕದ ಮಕ್ಕಳ ಬಗ್ಗೆ 2011ರಲ್ಲಿ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಕೊಟ್ಟ ವರದಿ ಅದು. ಐದು ರಾಜ್ಯಗಳಲ್ಲಿ, ಸರ್ಕಾರಿ ವಿಮೆಯಡಿ ಇದ್ದ ಇತರ ಮಕ್ಕಳಿಗೆ ಹೋಲಿಸಿದರೆ, ಈ ಮಕ್ಕಳಿಗೆ ಮನೋರೋಗದ ಔಷಧಿ 2.7ರಿಂದ 4.5 ಪಟ್ಟು ಹೆಚ್ಚು ಸಿಗುತ್ತಿತ್ತು. ಆ ಮಕ್ಕಳ ಪಾಡು ಹೆಚ್ಚಿನದು, ಒಪ್ಪೋಣ. ಆದರೆ ಮನೆಯಿಂದ ಮನೆಗೆ ಸ್ಥಳ ಬದಲಿಸುತ್ತಾ ಹೋಗುವ ಮಗುವಿನ ಜೊತೆ ಮಾತ್ರೆ ಹೋಗುತ್ತದೆ, ಅದನ್ನು ಯಾಕೆ ಶುರು ಮಾಡಿದರು ಎಂದು ಬಲ್ಲ ಮನುಷ್ಯರು ಹೋಗುವುದಿಲ್ಲ.

ಶಾಲೆಗೆ ಹೋಗದ ಪುಟ್ಟ ಮಕ್ಕಳ ವಿಷಯವೂ ಹೀಗೆಯೇ. ನಾಲ್ಕೈದು ವರ್ಷದ ಮಗುವಿಗೆ ಎಡಿಎಚ್‌ಡಿ ಎಂದಾದರೆ ಮೊದಲು ತಂದೆತಾಯಿಗೆ ತರಬೇತಿ ಕೊಡಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಮಾರ್ಗಸೂಚಿ ಹೇಳುತ್ತದೆ. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2016ರಲ್ಲಿ ನೋಡಿದಾಗ 2ರಿಂದ 5 ವರ್ಷದ ಅಂಥ ಮಕ್ಕಳಲ್ಲಿ ಮುಕ್ಕಾಲು ಪಾಲಿಗೆ ಔಷಧಿ ಸಿಕ್ಕಿತ್ತು, ಮಾನಸಿಕ ನೆರವು ಸಿಕ್ಕಿದ್ದು ಅರ್ಧದಷ್ಟು ಮಕ್ಕಳಿಗೆ. ಚೀಟಿ ಬರೆಯಲು ಹತ್ತು ನಿಮಿಷ ಸಾಕು. ತಂದೆತಾಯಿಯ ಜೊತೆ ವಾರ ವಾರ ಕುಳಿತು ಕಲಿಸುವವರು ಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕು.

ಇದೆಲ್ಲ ಓದಿ ಮಾತ್ರೆಯನ್ನು ಕಸಕ್ಕೆ ಎಸೆಯುವ ಯೋಚನೆ ಯಾರಿಗೂ ಬಾರದಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 10ರಿಂದ 19 ವರ್ಷದ ಏಳು ಮಂದಿಯಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇದೆ, ಬಹುಪಾಲು ಮಂದಿಗೆ ಅದು ಗುರುತಾಗುವುದೂ ಇಲ್ಲ. ಒಂದೇ ಶಾಲೆಯಲ್ಲಿ ಬೇಡದ ಮಾತ್ರೆ ನುಂಗುವ ಮಗುವೂ ಇರುತ್ತದೆ, ಬೇಕಾದ ಮಾತ್ರೆ ಸಿಗದ ಮಗುವೂ ಇರುತ್ತದೆ.

ಹಾಗಾಗಿ ಧ್ವನಿ ತಗ್ಗಿಸಿ ಕೇಳುವವರಿಗೆ ನಾನು ಹೇಳುವುದು ಇಷ್ಟು. ಯಾವ ತೊಂದರೆಗೆ ಈ ಮಾತ್ರೆ, ಏನು ಬದಲಾದರೆ ಗುಣ ಕಾಣುತ್ತಿದೆ ಎನ್ನಬಹುದು ಎಂದು ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಪ್ರತಿ ಭೇಟಿಯಲ್ಲೂ ಮಗುವಿನ ಎತ್ತರ, ತೂಕ, ರಕ್ತದೊತ್ತಡ ನೋಡಿಸಿ. ಮಿಥೈಲ್‌ಫೆನಿಡೇಟ್ ಆದರೆ ಊಟದ ಡಬ್ಬಿ ತುಂಬಿದ ಹಾಗೇ ವಾಪಸು ಬರುತ್ತಿದೆಯೇ, ರಾತ್ರಿ ನಿದ್ದೆ ಎಷ್ಟು ಹೊತ್ತಿಗೆ ಹತ್ತುತ್ತದೆ ಎಂದು ಗಮನಿಸಿ. ರಿಸ್ಪೆರಿಡೋನ್‌ನಂಥದ್ದಾದರೆ ರಕ್ತದ ಸಕ್ಕರೆ, ಕೊಬ್ಬಿನ ಪರೀಕ್ಷೆಯೂ ಬೇಕು. ಮಾತ್ರೆಯ ಬಗ್ಗೆ ಮಗುವನ್ನೇ ಕೇಳಿ. ಎಂಟು ವರ್ಷದ ಮಗು ಕೂಡ ತನಗೆ ಹೇಗನ್ನಿಸುತ್ತದೆ ಎಂದು ಸ್ಪಷ್ಟವಾಗಿ ಹೇಳಬಲ್ಲದು. ನಿಲ್ಲಿಸುವುದನ್ನು ಮಾತ್ರ ನೀವಾಗಿಯೇ ಮಾಡಬೇಡಿ. ಖಿನ್ನತೆಯ ಔಷಧಿಯನ್ನು ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ಪರೀಕ್ಷೆಯ ಒತ್ತಡವಾಗಲಿ ಶಾಲೆಯ ಬದಲಾವಣೆಯಾಗಲಿ ಇಲ್ಲದ ಸಮಯ ನೋಡಿ ಡೋಸನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತೇವೆ. ಬೇಕೋ ಬೇಡವೋ ಎಂದು ಮತ್ತೆ ಕುಳಿತು ಯೋಚಿಸುವ ಆ ದಿನಾಂಕವನ್ನು ನಾನು ಮೊದಲ ಚೀಟಿಯ ಮೇಲೆಯೇ ಬರೆಯುತ್ತೇನೆ. ನಿಮ್ಮ ಚೀಟಿಯಲ್ಲಿ ಅದು ಇಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ಕೇಳಿ ಬರೆಸಿಕೊಳ್ಳಿ.